ಬಿಸಿನೀರು ಸುರಿದರೆ ಮಾಯೋ ಗೀರು

ಎರಡು ವಾರದ ಹಿಂದೆ ಭಾವನ ಜೊತೆ ಕಾರಿಗೆ ಫಿಲ್ಮ್ ಹಾಕೋ ಅಂಗಡಿಗೆ ಹೋಗಿದ್ದೆ. ಹೊಸಾ ಕಾರು, ಸೀಟಿನ ಪ್ಲಾಸ್ಟಿಕ್ ಕೂಡ ಇನ್ನೂ ತೆಗೆದಿರಲಿಲ್ಲ. ಬಣ್ಣದ ಮೇಲೆ ಗೀರು ಬೀಳದ ಹಾಗೆ ಕಾರಿನ ಮೈತುಂಬ ಒಂದು ಪಾರದರ್ಶಕ ಹಾಳೆ ಅಂಟಿಸ್ತಾರಲ್ಲ, ಪಿಪಿಎಫ್ ಅಂತ, ಅದನ್ನ ಹಾಕಿಸೋ ಆಸೆ ಅವರಿಗೆ. ನನಗೆ ಅಲ್ಲೇನೂ ಕೆಲಸ ಇರಲಿಲ್ಲ. "ನೀನೂ ಜೊತೇಲಿ ಹೋಗೋ, ಇವರೊಬ್ಬರನ್ನೇ ಬಿಟ್ರೆ ಅವನು ಹೇಳಿದ್ದಕ್ಕೆಲ್ಲ ತಲೆ ಆಡಿಸಿ ಬರ್ತಾರೆ" ಅಂತ ಅಕ್ಕ ಹೇಳಿದ್ದಕ್ಕೆ ಹೋಗಿದ್ದು.

ಅಂಗಡಿ ಹುಡುಗ ಬಲೇ ಚುರುಕು. ಫಿಲ್ಮ್ ಅಂಟಿಸಿದ ಕಪ್ಪು ತಗಡಿನ ತುಂಡೊಂದನ್ನ ಮೇಜಿನ ಮೇಲಿಟ್ಟ. ಹಿತ್ತಾಳೆ ತಂತಿಯ ಬ್ರಷ್ ತಗೊಂಡು ಗಸಗಸ ಅಂತ ಉಜ್ಜಿದ. ನೋಡೋಕೆ ಬೆಕ್ಕು ಪರಚಿದ ಹಾಗಿತ್ತು. ಆಮೇಲೆ ಫ್ಲಾಸ್ಕಿನಿಂದ ಬಿಸಿನೀರು ಸುರಿದ. ಗೀರೆಲ್ಲ ಮಾಯ! ಬಟ್ಟೆಯಲ್ಲಿ ಒರೆಸಿ, ಈ ಸಲ ತಣ್ಣೀರು ಚಿಮುಕಿಸಿದ. ಹನಿಗಳು ಮುತ್ತಿನ ಹಾಗೆ ಉರುಳಿ ನೆಲಕ್ಕೆ ಬಿದ್ದವು. "ಸೆಲ್ಫ್ ಹೀಲಿಂಗ್ ಸರ್, ಹೈಡ್ರೋಫೋಬಿಕ್ ಸರ್" ಅಂದ. ಭಾವನ ಕಣ್ಣಲ್ಲಿ ಮಿಂಚು.

"ಕೀಲಿಕೈಯಲ್ಲಿ ಯಾರಾದ್ರೂ ಗೀರಿದ್ರೆ?" ಅಂತ ಕೇಳಿದೆ.

"ಅದು ಕಟ್ ಆಗುತ್ತೆ ಸರ್. ಅದು ಬೇರೆ."

"ನೀರು ಹಿಂಗೆ ಜಾರೋದು ಎಷ್ಟು ವರ್ಷ?"

"ಲೈಫ್‌ಟೈಮ್ ಸರ್."

"ಯಾರ ಲೈಫು?"

ಭಾವ ಮೇಜಿನ ಕೆಳಗೆ ನನ್ನ ಕಾಲು ತುಳಿದರು. ಇನ್ನೊಂದು ಪ್ರಶ್ನೆ ಬಾಕಿ ಇತ್ತು, "ಆ ಹನಿ ಜಾರೋಕೆ ಮೇಲೆ ಏನು ಹಾಕಿದ್ದಾರೆ" ಅಂತ. ಅದನ್ನೂ ಕೇಳಿಬಿಟ್ಟೆ. "ನ್ಯಾನೋ ಸರ್" ಅಂದ. ಹುಡುಗನದ್ದೇನೂ ತಪ್ಪಿಲ್ಲ, ಅವನಿಗೆ ಹೇಳಿಕೊಟ್ಟಿದ್ದು ಅಷ್ಟೇ. ಆದರೆ ಈ ಇಡೀ ವ್ಯವಹಾರದಲ್ಲಿ ಯಾರೂ ಕೇಳದ ಪ್ರಶ್ನೆ ಅದೇ ಅನ್ನೋದು ನನ್ನ ಅಭಿಪ್ರಾಯ. ನೀರು ಜಾರೋ ಲೇಪನ, ತನ್ನ ಗಾಯ ತಾನೇ ವಾಸಿ ಮಾಡಿಕೊಳ್ಳೋ ಲೇಪನ ಅಂತ ವರ್ಷಕ್ಕೆ ನಾಲ್ಕು ಸಲ ಪೇಪರಿನಲ್ಲಿ ಬರುತ್ತೆ, ನಾವೂ ಓಹೋ ಅಂತೀವಿ. ಅದು ಯಾವುದರಿಂದ ಆಗಿದೆ, ಸವೆದಾಗ ಸವೆದಿದ್ದು ಎಲ್ಲಿಗೆ ಹೋಗುತ್ತೆ ಅಂತ ಮಾತ್ರ ಕೇಳಲ್ಲ. ಬಹಳ ದಿನದಿಂದ ಈ ವಿಷಯ ಓದುತ್ತಾ ಇದ್ದೆ, ಬರೆಯೋಕೆ ಒಂದು ನೆಪ ಬೇಕಿತ್ತು. ಭಾವ ಒದಗಿಸಿದರು.

ಮೊದಲು ಆ ಬಿಸಿನೀರಿನ ಮ್ಯಾಜಿಕ್. ಗೀರಿನಲ್ಲಿ ಎರಡು ಜಾತಿ. ಒಂದರಲ್ಲಿ ಮೇಲಿನ ಪದರ ಒತ್ತಿ ತಗ್ಗಾಗಿರುತ್ತೆ, ಪಕ್ಕಕ್ಕೆ ಸರಿದಿರುತ್ತೆ, ಆದರೆ ವಸ್ತು ಅಲ್ಲೇ ಇರುತ್ತೆ. ಇನ್ನೊಂದರಲ್ಲಿ ವಸ್ತುವೇ ಹರಿದಿರುತ್ತೆ, ಇಲ್ಲಾ ಕಿತ್ತು ಹೋಗಿರುತ್ತೆ. ಕಾರಿನ ಫಿಲ್ಮ್ ಪಾಲಿಯುರೆಥೇನ್ ಅನ್ನೋ ರಬ್ಬರಿನಂಥ ಪ್ಲಾಸ್ಟಿಕ್. ಅದರ ಉದ್ದುದ್ದ ಅಣುಗಳ ಜಾಲಕ್ಕೆ ತನ್ನ ಮೊದಲಿನ ಆಕಾರದ ನೆನಪಿರುತ್ತೆ. ಬಿಸಿ ತಾಗಿದರೆ ಅಣುಗಳಿಗೆ ಅಲ್ಲಾಡೋ ಶಕ್ತಿ ಬಂದು ವಾಪಸ್ ತಮ್ಮ ಜಾಗಕ್ಕೆ ಬರ್ತವೆ. ಹತ್ತಿಯ ದಿಂಬನ್ನ ಬಿಸಿಲಿಗಿಟ್ಟರೆ ಉಬ್ಬುತ್ತಲ್ಲ, ಹಾಗೆ ಅಂದುಕೊಳ್ಳಿ. ಇದು ಗಾಯ ವಾಸಿಯಾದದ್ದಲ್ಲ, ಮುದುರಿದ್ದು ನೆಟ್ಟಗಾದದ್ದು. ನಿಸ್ಸಾನ್ ಕಂಪನಿ 2005ರಲ್ಲೇ ಇಂಥ ಗುಣದ ಕಾರ್ ಬಣ್ಣ ಪ್ರಕಟಿಸಿತ್ತು, ಹಾಗಾಗಿ ಹೊಸದೂ ಅಲ್ಲ.

ನಿಜವಾದ ವಾಸಿ ಮಾಡೋ ಪ್ರಯತ್ನ ಬೇರೆ ಕಡೆಯಿಂದ ಶುರುವಾಯ್ತು. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಸ್ಕಾಟ್ ವೈಟ್ ಮತ್ತು ಜೊತೆಗಾರರು 2001ರಲ್ಲಿ ಎಪಾಕ್ಸಿ ಪ್ಲಾಸ್ಟಿಕ್ಕಿನ ಒಳಗೆ ಸಣ್ಣ ಸಣ್ಣ ಗುಳಿಗೆಗಳನ್ನ ಹುದುಗಿಸಿದರು. ಗುಳಿಗೆ ಒಳಗೆ ದ್ರವ, ಸುತ್ತಲಿನ ಪ್ಲಾಸ್ಟಿಕ್ಕಿನಲ್ಲಿ ಆ ದ್ರವವನ್ನ ಗಟ್ಟಿ ಮಾಡೋ ಪುಡಿ. ಬಿರುಕು ಬಿಟ್ಟಾಗ ಗುಳಿಗೆ ಒಡೆದು ದ್ರವ ಹರಿದು ಬಿರುಕನ್ನ ಅಂಟಿಸುತ್ತೆ. ಮುರಿಯೋಕೆ ಮುಂಚೆ ಇದ್ದ ಗಟ್ಟಿತನದಲ್ಲಿ 75 ಶೇಕಡಾವರೆಗೂ ವಾಪಸ್ ಬಂತು. ತೊಂದರೆ ಏನಪ್ಪಾ ಅಂದರೆ, ಗುಳಿಗೆ ಒಡೆಯೋದು ಒಂದೇ ಸಲ. ಅದೇ ಜಾಗದಲ್ಲಿ ಮತ್ತೆ ಬಿರುಕು ಬಿಟ್ಟರೆ ಔಷಧಿ ಖಾಲಿ.

ಆಮೇಲೆ 2011ರಲ್ಲಿ ಪ್ಯಾರಿಸ್ಸಿನ ಲುಡ್ವಿಕ್ ಲೈಬ್ಲರ್ ಗುಂಪು ಇನ್ನೊಂದು ದಾರಿ ತೋರಿಸಿತು. ವಿಟ್ರಿಮರ್ ಅಂತ ಹೆಸರು. ಸಾಮಾನ್ಯವಾಗಿ ಎಪಾಕ್ಸಿ, ಬೇಕಲೈಟ್ ತರದ ಪ್ಲಾಸ್ಟಿಕ್‌ಗಳಲ್ಲಿ ಅಣುಗಳ ಕೊಂಡಿ ಒಂದು ಸಲ ಬಿದ್ದರೆ ಮುಗೀತು, ಬಿಡಿಸೋ ಹಾಗಿಲ್ಲ. ವಿಟ್ರಿಮರಿನಲ್ಲಿ ಕೊಂಡಿಗಳು ಜೋಡಿ ಬದಲಾಯಿಸ್ತವೆ. ಕೋಲಾಟ ನೆನಪು ಮಾಡಿಕೊಳ್ಳಿ. ಪ್ರತಿ ಏಟಿಗೂ ಎದುರಿನ ಜೊತೆಗಾರ ಬೇರೆ, ಆದರೆ ವೃತ್ತ ಒಡೆಯಲ್ಲ. ಹಾಗೇ ಬಿಸಿ ಕೊಟ್ಟಾಗ ಈ ಪ್ಲಾಸ್ಟಿಕ್ ಮೆಲ್ಲಗೆ ಹರಿದು ಬಿರುಕು ತುಂಬಿಕೊಳ್ಳುತ್ತೆ, ಜಾಲ ಜಾಲವಾಗೇ ಇರುತ್ತೆ. ಒಂದೇ ಸಲ ಅಲ್ಲ, ಮತ್ತೆ ಮತ್ತೆ. ಈ ಕೋಲಾಟದ ಪ್ಲಾಸ್ಟಿಕ್ ಕೊನೇಲಿ ಮತ್ತೆ ಬರುತ್ತೆ, ನೆನಪಿಟ್ಟಿರಿ.

ಇನ್ನು ನೀರು ಜಾರೋದು. ನಮ್ಮ ಕಡೆಯವರಿಗೆ ಇದನ್ನ ಹೇಳಿಕೊಡಬೇಕಾಗಿಲ್ಲ. ಮಳೆಗಾಲದಲ್ಲಿ ಕೆಸುವಿನ ಎಲೆ ಮೇಲೆ ಹನಿ ಆಡಿಸದೆ ದೊಡ್ಡವರಾದವರು ಯಾರಿದ್ದಾರೆ? ಕಮಲದ ಎಲೆಯಂತೂ ವೇದಾಂತದವರೆಗೂ ಹೋಗಿದೆ. ಆದರೆ ಯಾಕೆ ಹಾಗೆ ಅಂತ ಸೂಕ್ಷ್ಮದರ್ಶಕ ಇಟ್ಟು ನೋಡಿ, 1997ರಲ್ಲಿ ವಿವರವಾಗಿ ಬರೆದವರು ಜರ್ಮನಿಯ ಬಾನ್ ವಿಶ್ವವಿದ್ಯಾಲಯದ ಸಸ್ಯಶಾಸ್ತ್ರಜ್ಞ ವಿಲ್ಹೆಲ್ಮ್ ಬಾರ್ಟ್‌ಲಾಟ್ ಮತ್ತು ಕ್ರಿಸ್ಟೋಫ್ ನೈನ್‌ಹುಯಿಸ್. ಎಲೆ ನುಣುಪಾಗಿರೋದರಿಂದ ನೀರು ಜಾರುತ್ತೆ ಅಂತ ನಾನೂ ಅಂದುಕೊಂಡಿದ್ದೆ, ನಿಜ ಅದರ ಉಲ್ಟಾ. ಎಲೆ ತುಂಬ ಒರಟು. ಮೈಮೇಲೆಲ್ಲ ಕಣ್ಣಿಗೆ ಕಾಣದಷ್ಟು ಸಣ್ಣ ಗುಬುಟುಗಳು, ಅವುಗಳ ಮೇಲೆ ಇನ್ನೂ ಸಣ್ಣ ಮೇಣದ ಕೊಳವೆಗಳು. ಹನಿ ಆ ತುದಿಗಳ ಮೇಲೆ ನಿಲ್ಲುತ್ತೆ, ಕೆಳಗೆ ಗಾಳಿ. ನುಣುಪಾದ ಟೆಫ್ಲಾನ್ ಮೇಲೆ ನೀರಿನ ಹನಿ ಸುಮಾರು 110 ಡಿಗ್ರಿ ಕೋನದಲ್ಲಿ ಕೂತರೆ, ಕಮಲದ ಎಲೆ ಮೇಲೆ 160ರ ಹತ್ತಿರ, ಅಂದರೆ ಹೆಚ್ಚು ಕಡಿಮೆ ಚೆಂಡು.

ತೊಡಕು ಇಲ್ಲೇ ಇರೋದು. ಆ ಗುಬುಟು, ಆ ಮೇಣ ಎಷ್ಟು ನಾಜೂಕು ಅಂದರೆ ಬೆರಳಲ್ಲಿ ಗಟ್ಟಿಯಾಗಿ ಉಜ್ಜಿದರೆ ಹೋಯ್ತು. ಕೆಸುವಿನ ಎಲೆಯಲ್ಲಿ ನೀವೇ ಮಾಡಿ ನೋಡಿ, ಉಜ್ಜಿದ ಜಾಗದಲ್ಲಿ ನೀರು ಅಂಟಿಕೊಳ್ಳುತ್ತೆ. ಗಿಡಕ್ಕೇನೋ ತೊಂದರೆ ಇಲ್ಲ, ಜೀವ ಇದೆ, ಅನೇಕ ಗಿಡಗಳು ಒಳಗಿಂದ ಮತ್ತೆ ಮೇಣ ಸುರಿಸಿ ಸರಿ ಮಾಡಿಕೊಳ್ತವೆ. ಮನುಷ್ಯ ಮಾಡಿದ ಲೇಪನಕ್ಕೆ ಆ ಭಾಗ್ಯ ಇಲ್ಲ. ಕಮಲದ ಎಲೆ ನೋಡಿ ಮಾಡಿದ ಸಾಮಾನುಗಳು ಪ್ರಯೋಗಾಲಯದ ವಿಡಿಯೋದಲ್ಲಿ ಮೆರೆದು, ನಮ್ಮ ನಿಮ್ಮ ಮನೆಗೆ ಬಂದಾಗ ಆರು ತಿಂಗಳಿಗೆ ಸೋತಿದ್ದು ಅದಕ್ಕೇ. ನೀರು ಜಾರಿಸೋದು ದೊಡ್ಡ ಕೆಲಸ ಅಲ್ಲ ಸ್ವಾಮಿ, ಜಾರಿಸ್ತಾ ಇರೋದು ದೊಡ್ಡ ಕೆಲಸ. ಅದಕ್ಕಾಗಿಯೇ ಈ "ತಾನೇ ವಾಸಿಯಾಗುವ" ಅನ್ನೋ ಮಾತು ಈ ಕ್ಷೇತ್ರಕ್ಕೆ ಬಂದಿದ್ದು.

2011ರಲ್ಲೇ ಹಾರ್ವರ್ಡಿನ ಜೊಆನಾ ಐಝೆನ್‌ಬರ್ಗ್ ಗುಂಪು ಕಮಲ ಬಿಟ್ಟು ಹೂಜಿ ಗಿಡದ ಹಿಂದೆ ಹೋಯ್ತು. ನಮ್ಮ ಮೇಘಾಲಯದಲ್ಲಿ ಸಿಗುತ್ತಲ್ಲ, ಹುಳ ತಿನ್ನೋ ನೆಪೆಂಥಿಸ್, ಆ ಜಾತಿ. ಅದರ ಹೂಜಿಯ ಬಾಯಂಚು ಒದ್ದೆಯಾಗಿರುತ್ತೆ, ಇರುವೆ ಕಾಲಿಟ್ಟರೆ ಜಾರಿ ಒಳಗೆ. ಗಾಳಿಯ ಬದಲು ದ್ರವವನ್ನೇ ಮೇಲ್ಮೈಯಲ್ಲಿ ಹಿಡಿದಿಟ್ಟರೆ ಹೇಗೆ ಅಂತ ಅವರು ಯೋಚಿಸಿದರು. ಸ್ಪಂಜಿನ ತರದ ಸೂಕ್ಷ್ಮ ರಂಧ್ರಗಳ ಹಾಳೆಗೆ ಜಾರುವ ದ್ರವ ಕುಡಿಸಿದರು. ನೀರು, ಎಣ್ಣೆ, ರಕ್ತ ಎಲ್ಲಾ ಜಾರಿತು. ಬ್ಲೇಡಿನಲ್ಲಿ ಕೊಯ್ದರೆ ದ್ರವ ಹರಿದು ಬಂದು ಕಣ್ಣು ಮುಚ್ಚಿ ತೆಗೆಯೋಷ್ಟರಲ್ಲಿ ಗಾಯ ಮುಚ್ಚಿತು. ಮೊದಲ ಸಲ ಓದಿದಾಗ ನಾನು ನಿಜಕ್ಕೂ ಎದ್ದು ಕೂತಿದ್ದೆ. ಆಮೇಲೆ ಮಿಚಿಗನ್ ವಿಶ್ವವಿದ್ಯಾಲಯದ ಅನೀಶ್ ತುತೇಜಾ ಗುಂಪು 2017ರಲ್ಲಿ ಇನ್ನೊಂದು ಮಾಡಿತು. ಉಜ್ಜಿ ಸವೆಸಿದರೂ ನೂರಾರು ಸಲ ಚೇತರಿಸಿಕೊಳ್ಳೋ ಸಿಂಪಡಿಸುವ ಲೇಪನ. ಮೇಲಿನದು ಸವೆದರೆ ಒಳಗಿನ ನೀರು ಓಡಿಸೋ ಅಣುಗಳು ತಾವಾಗಿ ಮೇಲಕ್ಕೆ ಬರ್ತವೆ. ಗಿಡದ ಮೇಣದ ಹಾಗೇ!

ಎರಡೂ ಅದ್ಭುತ ಕೆಲಸ, ಎರಡು ಮಾತಿಲ್ಲ. ಆದರೆ ಯಾವುದರಿಂದ ಮಾಡಿದ್ದು? ಹಾರ್ವರ್ಡಿನವರ ಹಾಳೆ ಟೆಫ್ಲಾನಿನದು, ಕುಡಿಸಿದ ದ್ರವ ಫ್ಲೋರಿನ್ ತುಂಬಿದ್ದು. ಮಿಚಿಗನ್ನಿನವರ ಲೇಪನವೂ ಫ್ಲೋರಿನ್ ಸೇರಿಸಿದ ಪಾಲಿಯುರೆಥೇನ್, ಅದರಲ್ಲಿ ಬೆರೆಸಿದ ಅಣುವೂ ಫ್ಲೋರಿನ್ನಿನದೇ. ಇಲ್ಲಿಂದ ನನ್ನ ತಕರಾರು ಶುರು.

ಇಂಗಾಲ ಮತ್ತು ಫ್ಲೋರಿನ್ ನಡುವಿನ ಕೊಂಡಿ ಸಾವಯವ ರಸಾಯನದಲ್ಲೇ ಅತಿ ಗಟ್ಟಿಯಾದವುಗಳಲ್ಲಿ ಒಂದು. 1938ರಲ್ಲಿ ಡುಪಾಂಟ್ ಕಂಪನಿಯ ರಾಯ್ ಪ್ಲಂಕೆಟ್‌ಗೆ ಆಕಸ್ಮಿಕವಾಗಿ ಟೆಫ್ಲಾನ್ ಸಿಕ್ಕಿತು. ಯಾವುದಕ್ಕೂ ಅಂಟಲ್ಲ, ಯಾವ ಆಸಿಡ್ಡಿಗೂ ಜಗ್ಗಲ್ಲ. 1954ರಲ್ಲಿ ಫ್ರಾನ್ಸಿನ ಮಾರ್ಕ್ ಗ್ರೆಗ್ವಾರ್ ಅನ್ನೋ ಎಂಜಿನಿಯರ್ ಅದನ್ನ ಬಾಣಲೆಗೆ ಅಂಟಿಸೋ ಉಪಾಯ ಮಾಡಿದ. ಐಡಿಯಾ ಹೆಂಡತಿಯದಂತೆ! ಅಂಟದೇ ಇರೋದನ್ನ ಅಂಟಿಸೋದೇ ಕಷ್ಟ ನೋಡಿ. ಅಲ್ಲಿಂದ ರೈನ್‌ಕೋಟು, ಕಾರ್ಪೆಟ್ಟು, ಪಿಜ್ಜಾ ಡಬ್ಬ, ಬೆಂಕಿ ನಂದಿಸೋ ನೊರೆ ಎಲ್ಲದಕ್ಕೂ ಫ್ಲೋರಿನ್ ಸಂತಾನ ಹೊಕ್ಕಿತು. ಈ ಇಡೀ ಸಂತಾನಕ್ಕೆ ಈಗ ಪಿಎಫ್‌ಎಎಸ್ ಅಂತ ಹೆಸರು.

ಅಮೆರಿಕದ ವೆಸ್ಟ್ ವರ್ಜೀನಿಯಾ ರಾಜ್ಯದಲ್ಲಿ ಪಾರ್ಕರ್ಸ್‌ಬರ್ಗ್ ಅಂತ ಊರು. ಅಲ್ಲಿ ಡುಪಾಂಟಿನ ಟೆಫ್ಲಾನ್ ಕಾರ್ಖಾನೆ. ಟೆಫ್ಲಾನ್ ತಯಾರಿಸುವಾಗ ಸೋಪಿನ ಹಾಗೆ ಬಳಸ್ತಿದ್ದ ಪಿಎಫ್‌ಒಎ ಅನ್ನೋ ರಾಸಾಯನಿಕ ಹೊಳೆಗೆ, ಗಾಳಿಗೆ, ಕಸದ ಗುಂಡಿಗೆ ಹೋಯ್ತು. ವಿಲ್ಬರ್ ಟೆನಂಟ್ ಅನ್ನೋ ರೈತನ ದನಗಳು ಆ ಕಸದ ಗುಂಡಿಯಿಂದ ಬರೋ ತೊರೆಯ ನೀರು ಕುಡಿದು ಒಂದೊಂದಾಗಿ ಸಾಯೋಕೆ ಶುರುವಾದವು. ಆತ ಸತ್ತ ದನಗಳನ್ನ ವಿಡಿಯೋ ಮಾಡಿಟ್ಟುಕೊಂಡ. ಯಾರೂ ಕೇಳಲಿಲ್ಲ. ಕೊನೆಗೆ ರಾಬ್ ಬಿಲಾಟ್ ಅನ್ನೋ ವಕೀಲ 1999ರಲ್ಲಿ ಕೇಸು ಹಾಕಿದ. ಮುಂದೆ ಅದು ಊರೂರುಗಳ ಕೇಸಾಯ್ತು. ಸುಮಾರು 69,000 ಜನರ ರಕ್ತ ಪರೀಕ್ಷೆ ಮಾಡಿದರು. ಮೂವರು ವಿಜ್ಞಾನಿಗಳ ಸಮಿತಿ ವರ್ಷಗಟ್ಟಲೆ ಕೂತು, 2012ರ ಹೊತ್ತಿಗೆ ಆರು ಕಾಯಿಲೆಗಳ ಜೊತೆ ಈ ರಾಸಾಯನಿಕದ ನಂಟು ಸಂಭವನೀಯ ಅಂತ ಹೇಳಿತು. ಮೂತ್ರಪಿಂಡದ ಕ್ಯಾನ್ಸರ್, ವೃಷಣದ ಕ್ಯಾನ್ಸರ್, ಥೈರಾಯ್ಡ್ ಎಲ್ಲಾ ಅದರಲ್ಲಿ ಸೇರಿದೆ. 2017ರಲ್ಲಿ ಸುಮಾರು 67 ಕೋಟಿ ಡಾಲರಿಗೆ ಮೂರೂವರೆ ಸಾವಿರ ಕೇಸುಗಳು ರಾಜಿಯಾದವು. 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ ಪಿಎಫ್‌ಒಎಯನ್ನ ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು.

ಇಲ್ಲಿ ಒಂದು ಮಾತು ನ್ಯಾಯವಾಗಿ ಹೇಳಬೇಕು. ಗೀರು ಬಿದ್ದ ನಾನ್‌ಸ್ಟಿಕ್ ತವಾದಿಂದ ಒಂದು ಚೂರು ಟೆಫ್ಲಾನ್ ಹೊಟ್ಟೆಗೆ ಹೋದರೆ ಸತ್ತೇ ಹೋಗ್ತೀವಿ ಅಂತ ವಾಟ್ಸಾಪಿನಲ್ಲಿ ಹೆದರಿಸ್ತಾರಲ್ಲ, ಅದು ಸರಿಯಲ್ಲ. ಟೆಫ್ಲಾನ್ ಎಷ್ಟು ನಿಷ್ಕ್ರಿಯ ಅಂದರೆ ಬಂದ ಹಾಗೇ ಹೊರಗೆ ಹೋಗುತ್ತೆ. ಖಾಲಿ ತವಾ ಹದ ಮೀರಿ ಕಾಯಿಸಿದರೆ ಹೊಗೆ ಕೆಟ್ಟದ್ದು, ಪಂಜರದ ಹಕ್ಕಿಗಳು ಸತ್ತಿದ್ದಿದೆ. ಆದರೆ ದೊಡ್ಡ ಪೆಟ್ಟು ಬಿದ್ದಿದ್ದು ದೋಸೆ ತಿಂದವರಿಗಲ್ಲ, ಕಾರ್ಖಾನೆ ಪಕ್ಕದ ಬಾವಿ ನೀರು ಕುಡಿದವರಿಗೆ. "ಪಿಎಫ್‌ಒಎ ಇಲ್ಲ" ಅಂತ ಈಗ ಡಬ್ಬದ ಮೇಲೆ ಬರೆದಿರ್ತಾರಲ್ಲ, ಅದು ಸುಳ್ಳಲ್ಲ, ಆದರೆ ಪೂರ್ತಿ ಮಾತೂ ಅಲ್ಲ. ಅಮೆರಿಕದ ದೊಡ್ಡ ಕಂಪನಿಗಳು 2015ರ ಹೊತ್ತಿಗೆ ಅದನ್ನ ಬಿಟ್ಟವು. ಅದರ ಬದಲು ಜೆನ್‌ಎಕ್ಸ್ ಅಂತ ಅದರ ತಮ್ಮನನ್ನ ತಂದರು. 2017ರಲ್ಲಿ ನಾರ್ತ್ ಕೆರೊಲಿನಾದ ಕೇಪ್ ಫಿಯರ್ ನದಿಯಲ್ಲಿ ಆ ತಮ್ಮನೂ ಸಿಕ್ಕಿ ಗಲಾಟೆಯಾಯ್ತು.

ಇದನ್ನೆಲ್ಲ ಬಣ್ಣದ ಕಾರ್ಖಾನೆಯಲ್ಲಿ ಕೆಲಸ ಮಾಡೋ ಗೆಳೆಯನೊಬ್ಬನ ಹತ್ತಿರ ಹೇಳಿಕೊಂಡೆ. ಅವನು ನಕ್ಕ. "ಲೋ, ನೀರು ಓಡಿಸೋಕೆ ಮೇಣ ಸಾಕು, ಸಿಲಿಕೋನ್ ಸಾಕು. ಎಣ್ಣೆ ಓಡಿಸು ನೋಡೋಣ ಫ್ಲೋರಿನ್ ಇಲ್ದೆ" ಅಂದ. ಅವನ ಮಾತಲ್ಲಿ ಹುರುಳಿದೆ, ಸುಮ್ಮನೆ ತಳ್ಳಿ ಹಾಕೋ ಹಾಗಿಲ್ಲ. ನೀರಿನ ಮೇಲ್ಮೈ ಎಳೆತ ಮೀಟರಿಗೆ 72 ಮಿಲಿನ್ಯೂಟನ್, ಹಾಗಾಗಿ ಅದು ಸುಲಭವಾಗಿ ಹನಿಯಾಗುತ್ತೆ. ಅಡುಗೆ ಎಣ್ಣೆಯದು 30ರ ಆಸುಪಾಸು, ಅದು ಎಲ್ಲಿ ಬಿದ್ದರೂ ಹರಡೋಕೆ ನೋಡುತ್ತೆ. ಎಣ್ಣೆಯನ್ನೂ ಹನಿಯಾಗಿ ನಿಲ್ಲಿಸೋ ಮೇಲ್ಮೈ ಬೇಕು ಅಂದರೆ ಫ್ಲೋರಿನ್ನಿಗೆ ಸರಿಸಾಟಿ ಸಿಗೋದು ಕಷ್ಟ.

ಆದರೆ ನನ್ನ ಪ್ರಶ್ನೆ ಬೇರೆ. ರೈನ್‌ಕೋಟಿಗೆ ಎಣ್ಣೆ ಯಾಕೆ ಓಡಿಸಬೇಕು? ಆಗುಂಬೆಯಲ್ಲಿ ಬೀಳೋದು ಮಳೆ ತಾನೆ, ಕಡಲೆಕಾಯಿ ಎಣ್ಣೆ ಅಲ್ಲವಲ್ಲ. ಮಕ್ಕಳ ಸ್ಕೂಲ್ ಬ್ಯಾಗು, ಛತ್ರಿ, ಸೋಫಾ ಬಟ್ಟೆ ಇವಕ್ಕೆಲ್ಲ ನೀರು ಜಾರಿದರೆ ಬೇಕಾದಷ್ಟಾಯ್ತು. ಆಪರೇಷನ್ ಥಿಯೇಟರಿನ ಗೌನಿಗೋ, ಬೆಂಕಿ ನಂದಿಸೋರ ಅಂಗಿಗೋ ಇನ್ನೂ ಹೆಚ್ಚಿನದು ಬೇಕು ಅಂದರೆ ಒಪ್ಪೋಣ, ಅಲ್ಲಿ ಜೀವದ ಪ್ರಶ್ನೆ. ಅದೇ ನೆಪದಲ್ಲಿ ಭಾವನ ಕಾರಿಗೂ ಅದನ್ನೇ ಬಳಿಯಬೇಕಾ? ಬಳಿದ ಮೇಲೆ ಅದು ಸವೆದು ರಸ್ತೆಗೆ, ರಸ್ತೆಯಿಂದ ಚರಂಡಿಗೆ, ಚರಂಡಿಯಿಂದ ಕೆರೆಗೆ ಹೋಗುತ್ತೆ. "ಲೈಫ್‌ಟೈಮ್" ಅನ್ನೋ ಮಾತು ಅಲ್ಲಿ ನಿಜವಾಗುತ್ತೆ ನೋಡಿ :-)

ಅಂದ ಹಾಗೆ ರೈನ್‌ಕೋಟು ಅಂದಾಗ ನೆನಪಾಯ್ತು. ದುಬಾರಿ ಜಾಕೆಟ್ಟುಗಳ ಬಟ್ಟೆಗೆ ಹಚ್ಚಿರೋ ನೀರು ಜಾರಿಸೋ ಲೇಪನ ಸೋತು, ಬಟ್ಟೆ ನೀರು ಕುಡಿಯೋಕೆ ಶುರು ಮಾಡಿದರೆ ಎಸೀಬೇಡಿ. ಒಗೆದು, ಚೆನ್ನಾಗಿ ಒಣಗಿಸಿ, ಒಳಗಿನ ಚೀಟಿಯಲ್ಲಿ ಇಸ್ತ್ರಿ ಬೇಡ ಅಂತ ಇಲ್ಲದಿದ್ದರೆ ಮೇಲೊಂದು ಹತ್ತಿ ಬಟ್ಟೆ ಹಾಸಿ ಹದವಾದ ಬಿಸಿಯಲ್ಲಿ ಇಸ್ತ್ರಿ ಮಾಡಿ. ಮಲಗಿದ್ದ ಅಣುಗಳು ಮತ್ತೆ ಎದ್ದು ನಿಲ್ತವೆ, ನೀರು ಮತ್ತೆ ಸ್ವಲ್ಪ ಕಾಲ ಜಾರುತ್ತೆ. ಇದನ್ನ ಮಾರೋವಾಗ ಯಾಕೆ ಗಟ್ಟಿಯಾಗಿ ಹೇಳಲ್ಲ ಅಂತ ನಿಮಗೇ ಅರ್ಥವಾಗಿರುತ್ತೆ.

ಕೋಲಾಟದ ಪ್ಲಾಸ್ಟಿಕ್ ಮತ್ತೆ ಬರುತ್ತೆ ಅಂದಿದ್ದೆನಲ್ಲ. ಸ್ಕಾಟ್ ವೈಟ್ ಇದ್ದ ಅದೇ ಇಲಿನಾಯ್ ವಿಶ್ವವಿದ್ಯಾಲಯದಿಂದ 2021ರಲ್ಲಿ ಒಂದು ಲೇಖನ ಬಂತು. ನೆನಾದ್ ಮಿಲ್ಕೊವಿಚ್, ಕ್ರಿಸ್ಟೋಫರ್ ಇವಾನ್ಸ್ ಇವರ ಗುಂಪುಗಳದ್ದು. ಸಿಲಿಕೋನಿನಿಂದ ಮಾಡಿದ ವಿಟ್ರಿಮರ್ ಲೇಪನ, ಫ್ಲೋರಿನ್ ಸುತರಾಂ ಇಲ್ಲ. ದಪ್ಪ ಸುಮಾರು 10 ನ್ಯಾನೋಮೀಟರ್, ತಲೆಕೂದಲಿನ ದಪ್ಪದ ಏಳೆಂಟು ಸಾವಿರದಲ್ಲೊಂದು ಪಾಲು. ಲೋಹವನ್ನ ದ್ರಾವಣದಲ್ಲಿ ಅದ್ದಿ ತೆಗೆದರೆ ಆಯ್ತು. ಗೀರಿದರೆ ಕೂಡಿಕೊಳ್ಳುತ್ತೆ.

ಅಷ್ಟು ತೆಳು ಯಾಕೆ ಬೇಕು? ಇಲ್ಲಿದೆ ನಿಜವಾದ ಉಪಯೋಗ. ಶಾಖೋತ್ಪನ್ನ ವಿದ್ಯುತ್ ಕೇಂದ್ರಗಳಲ್ಲಿ, ನಮ್ಮ ರಾಯಚೂರಿನದ್ದೂ ಸೇರಿ, ಟರ್ಬೈನ್ ತಿರುಗಿಸಿ ಬಂದ ಹಬೆಯನ್ನ ಕಂಡೆನ್ಸರಿನಲ್ಲಿ ತಣ್ಣಗಿನ ಕೊಳವೆಗಳ ಮೇಲೆ ಮತ್ತೆ ನೀರು ಮಾಡಬೇಕು. ಆ ನೀರು ಕೊಳವೆಯ ಮೈತುಂಬ ಪದರವಾಗಿ ಅಂಟಿಕೊಳ್ಳುತ್ತೆ, ಪದರವೇ ಕಂಬಳಿಯ ಹಾಗೆ ಶಾಖವನ್ನ ತಡೆಯುತ್ತೆ. ಪದರದ ಬದಲು ಹನಿ ಹನಿಯಾಗಿ ಉರುಳಿ ಬಿದ್ದರೆ ಶಾಖ ಐದರಿಂದ ಹತ್ತು ಪಟ್ಟು ಚೆನ್ನಾಗಿ ದಾಟುತ್ತೆ. ಇದು 1930ರಿಂದಲೇ ಗೊತ್ತು! ತೊಂಬತ್ತು ವರ್ಷ ದಾಟಿದರೂ ಕಂಡೆನ್ಸರುಗಳಲ್ಲಿ ಅದು ವಾಡಿಕೆಗೆ ಬರದಿರೋಕೆ ಕಾರಣ ಲೇಪನ ಬಾಳಿಕೆ ಬರಲ್ಲ. ದಪ್ಪ ಬಳಿದರೆ ಲೇಪನವೇ ಶಾಖ ತಡೆಯುತ್ತೆ. ತೆಳು ಬಳಿದರೆ ಎಲ್ಲೋ ಸೂಜಿಮೊನೆಯಷ್ಟು ತೂತು ಉಳಿಯುತ್ತೆ, ಹಬೆ ಅಲ್ಲಿಂದ ಒಳನುಗ್ಗಿ, ಕೆಳಗೆ ನೀರಾಗಿ, ಗೋಡೆಯ ಸುಣ್ಣದ ಹಾಗೆ ಗುಳ್ಳೆ ಎದ್ದು ಕಿತ್ತು ಬರುತ್ತೆ. ತನ್ನ ತೂತು ತಾನೇ ಮುಚ್ಚಿಕೊಳ್ಳೋ ಲೇಪನ ಬೇಕಾಗಿರೋದು ಇಂಥಲ್ಲಿ. ಅಲ್ಲಿ ಉಳಿಯೋದು ಕಲ್ಲಿದ್ದಲು. ಕಾರಿನ ಹೊಳಪಿಗಿಂತ ಇದಕ್ಕೆ ದುಡ್ಡು, ತಲೆ ಎರಡೂ ಹೋಗಬೇಕು ಅಂತ ನಾನು ವಾದ ಮಾಡ್ತೀನಿ.

ಸಿಲಿಕೋನೇನೂ ಸತ್ಯಹರಿಶ್ಚಂದ್ರ ಅಲ್ಲ. ಅದರ ತಯಾರಿಕೆಯಲ್ಲಿ ಬರೋ ಡಿ4, ಡಿ5 ಅನ್ನೋ ಉಂಗುರದಂಥ ಸಣ್ಣ ಅಣುಗಳನ್ನ ಐರೋಪ್ಯ ಒಕ್ಕೂಟ ಶಾಂಪೂ ತರದ ತೊಳೆದುಹೋಗೋ ಸಾಮಾನುಗಳಲ್ಲಿ 2020ರಿಂದ ಕಡಿವಾಣ ಹಾಕಿದೆ. ಇಲಿನಾಯಿನ ಲೇಪನ ಪ್ರಯೋಗಾಲಯದಲ್ಲಿ ಗೆದ್ದಿದೆ, ಹತ್ತು ವರ್ಷ ಹಬೆ ಉಂಡು ನಿಲ್ಲುತ್ತೆ ಅಂತ ಅದರಿಂದ ಅರ್ಥ ಅಲ್ಲ. ಆದರೂ ಆ ದಾರಿ ಸರಿ ಅನ್ನಿಸುತ್ತೆ. ಯಾಕಂದರೆ ಅವರು ಬಾಳಿಕೆಯನ್ನ ತಂದಿದ್ದು ಯಾವತ್ತೂ ಕೊಳೆಯದ ಕೊಂಡಿಯಿಂದ ಅಲ್ಲ, ಬಿಟ್ಟು ಕೂಡೋ ಕೊಂಡಿಯಿಂದ.

ಈಗ ನಮ್ಮನೆ ವಿಷಯ. ಹೇಳದಿದ್ದರೆ ಇಷ್ಟೆಲ್ಲ ಬರೆದದ್ದು ಬರೀ ಉಪದೇಶ ಆಗುತ್ತೆ. 2008ರಲ್ಲಿ ಹೊಸ ಕೆಲಸದ ಹುರುಪಿನಲ್ಲಿ ಅಮ್ಮನಿಗೆ ನಾನ್‌ಸ್ಟಿಕ್ ತವಾ ತಂದುಕೊಟ್ಟಿದ್ದೆ. ಅಜ್ಜಿ ಕಾಲದ ಕಬ್ಬಿಣದ ಕಾವಲಿ ಅಟ್ಟ ಸೇರಿತು. ಅಮ್ಮ ಅಭ್ಯಾಸಬಲದಿಂದ ಕಬ್ಬಿಣದ ಸಟ್ಟುಗದಲ್ಲೇ ದೋಸೆ ಎಬ್ಬಿಸೋರು. ಒಂದೂವರೆ ವರ್ಷಕ್ಕೆ ನಡುವೆ ಬೆಳ್ಳಗೆ ಅಂಗೈಯಗಲ ಕಾಣ್ತು. "ಮರದ ಚಮಚ ಬಳಸಿ ಅಂತ ಬರೆದಿತ್ತಲ್ಲಮ್ಮ" ಅಂತ ರೇಗಿದೆ. "ಗೀರು ಬಿದ್ರೆ ಏನು ಮಾಡ್ಬೇಕು ಅಂತ ಬರೆದಿತ್ತೇನೋ?" ಅಂದರು ಅಮ್ಮ. ಬರೆದಿರಲಿಲ್ಲ. ಇನ್ನೊಂದು ತಂದೆ, ಅದೂ ಹಾಗೇ ಹೋಯ್ತು. ಮೂರನೇದಕ್ಕೆ ಅಮ್ಮ ಬೇಡ ಅಂದರು. ನಾನೇ ಅಟ್ಟ ಹತ್ತಿ ಕಾವಲಿ ಇಳಿಸಿದೆ, ಪೂರಾ ತುಕ್ಕು.

ಅಮ್ಮ ಅದನ್ನ ಉಜ್ಜಿ ತೊಳೆದು, ಒಲೆ ಮೇಲಿಟ್ಟು, ಅರ್ಧ ಕೊಯ್ದ ಈರುಳ್ಳಿಯನ್ನ ಎಣ್ಣೆಯಲ್ಲದ್ದಿ ಉಜ್ಜಿದರು. ಹೊಗೆ ಬರೋವರೆಗೂ ಕಾಯಿಸಿ, ಆರಿಸಿ, ಮತ್ತೆ ಎಣ್ಣೆ. ಎರಡು ದಿನ ಇದೇ. ಆಗ ನನಗೆ ಅದು ಅಡುಗೆಮನೆ ಶಾಸ್ತ್ರ ಅನ್ನಿಸಿತ್ತು, ಈಗ ಓದಿದ ಮೇಲೆ ಗೊತ್ತಾಗ್ತಿದೆ. ಎಣ್ಣೆಯ ಅಣುಗಳು ಬಿಸಿಯಲ್ಲಿ ಗಾಳಿಯ ಆಮ್ಲಜನಕದ ಜೊತೆ ಸೇರಿ, ಒಂದಕ್ಕೊಂದು ಕೊಂಡಿ ಹಾಕಿಕೊಂಡು ಕಬ್ಬಿಣದ ಮೇಲೆ ಕಪ್ಪಗೆ ಗಟ್ಟಿ ಪದರವಾಗ್ತವೆ. ಅದೂ ಒಂದು ಪಾಲಿಮರ್ ಲೇಪನವೇ! (ಕಾದ ಕಾವಲಿಗೆ ನೀರು ಚಿಮುಕಿಸಿದಾಗ ಹನಿ ಕುಣಿಯುತ್ತಲ್ಲ, ಅದು ಈ ಲೇಪನದ ಮಹಿಮೆ ಅಲ್ಲ, ಹನಿಯ ಕೆಳಗೆ ಹುಟ್ಟೋ ಹಬೆಯ ಮೆತ್ತೆ. ಎರಡನ್ನೂ ಬೆರೆಸಬೇಡಿ.) ಹುಣಸೆಹುಳಿ ಬಿದ್ದರೆ ಈ ಪದರ ಕಿತ್ತು ಹೋಗುತ್ತೆ, ಸಟ್ಟುಗ ಕೆರೆದರೂ ಹೋಗುತ್ತೆ. ಫ್ಲೋರಿನ್ನಿನ ಮುಂದೆ ಇದರ ಬಾಳಿಕೆ ಏನೇನೂ ಇಲ್ಲ. ಆದರೆ ಹೋದ ಜಾಗಕ್ಕೆ ಒಂದು ಚಮಚ ಎಣ್ಣೆ, ಹತ್ತು ನಿಮಿಷ ಬೆಂಕಿ. ಕಿತ್ತು ಬಂದ ಚೂರು ಯಾವ ಕೆರೆಗೂ ಭಾರವಲ್ಲ.

ತಾನೇ ವಾಸಿಯಾಗಬೇಕು ಅಂತ ನನ್ನದೇನೂ ಹಟ ಇಲ್ಲ. ಕಂಡೆನ್ಸರಿನ ಒಳಗೆ ಕೈ ಹಾಕೋಕಾಗಲ್ಲ, ಅಲ್ಲಿ ತಾನೇ ಆಗಬೇಕು. ಕೈಗೆ ಸಿಗೋ ಸಾಮಾನಿಗೆ ನಾವು ವಾಸಿ ಮಾಡೋ ಹಾಗಿದ್ದರೆ ಸಾಲದಾ? ಹಾಗೆ ಮಾಡೋ ವಿಧಾನವನ್ನ, ಮತ್ತೆ ಲೇಪನದಲ್ಲಿ ಫ್ಲೋರಿನ್ ಇದೆಯೋ ಇಲ್ಲವೋ ಅನ್ನೋದನ್ನ, ಡಬ್ಬದ ಮೇಲೆ ಕನ್ನಡದಲ್ಲಿ ಬರೆದುಕೊಡಲಿ. ಬಿಸ್ಕತ್ತಿನ ಪೊಟ್ಟಣದ ಮೇಲೆ ಏನೇನು ಹಾಕಿದ್ದೀವಿ ಅಂತ ಬರೀತಾರೆ, ದಿನಾ ಕೈ ಸವರೋ ವಸ್ತುವಿಗೆ "ನ್ಯಾನೋ" ಅಂದರೆ ಮುಗೀತಾ? ನಿಮ್ಮಲ್ಲಿ ಯಾರಾದರೂ ಈ ಉದ್ಯಮದ ಒಳಗಿದ್ದರೆ ನನ್ನ ತಪ್ಪು ತೋರಿಸಿ, ಜಗಳಕ್ಕೂ ಸಿದ್ಧ.

ಭಾವ ಕೊನೆಗೆ ಬಾನೆಟ್ಟಿಗೆ ಮಾತ್ರ ಫಿಲ್ಮ್ ಹಾಕಿಸಿದರು, ಅದೂ ಅಕ್ಕ ಬೈದ ಮೇಲೆ. ಹೊರಡೋವಾಗ ಆ ಹುಡುಗನ ನಂಬರ್ ತಗೊಂಡು, ಮೇಲಿನ ಪದರ ಯಾವುದರದು, ಫ್ಲೋರಿನ್ ಇದೆಯಾ ಅಂತ ಮೆಸೇಜ್ ಹಾಕಿದ್ದೆ. "ಕಂಪ್ನಿಯವರನ್ನ ಕೇಳಿ ಹೇಳ್ತೀನಿ ಸರ್" ಅಂತ ಬಂತು. ಅವತ್ತಿಂದ ಇವತ್ತಿಗೆ ಹನ್ನೊಂದು ದಿನ ಆಯ್ತು.